ಸಾಕಿದವರ ಮಾತು ಕೇಳುವವರಾರು?

ಕಳೆದ ಮಳೆಗಾಲದಲ್ಲಿ ಒಂದು ಸಂಜೆ, ಪಕ್ಷದ ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ, ಗಂಡ ಹೆಂಡತಿ ಇಬ್ಬರು ಬಂದು ಬೆಂಚಿನ ಮೇಲೆ ಕುಳಿತರು. ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ. ಹೆಂಡತಿ ಸಂತೆಯಲ್ಲಿ ಸೊಪ್ಪು ಮಾರುವಾಕೆ. ಇಬ್ಬರೂ ನನಗೆ ಬಹಳ ವರ್ಷಗಳಿಂದ ಪರಿಚಿತರು. ಆಕೆ ಸೆರಗಿನ ಮರೆಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲೆ ಸುರಿದಳು. ಚುಚ್ಚುಮದ್ದಿನ ಕಾರ್ಡು, ಶಾಲೆಯ ಅಂಕಪಟ್ಟಿಗಳು, ಆಸ್ಪತ್ರೆಯ ಚೀಟಿಗಳು, ಜಾತ್ರೆಯಲ್ಲಿ ತೆಗೆಸಿದ ಒಂದು ಫೋಟೋ. "ಮೇಷ್ಟ್ರೇ, ಇಷ್ಟು ಕಾಗದ ಐತ್ರೀ. ಇದ್ರಾಗೆ ಒಂದೂ ನಡೆಯಲ್ಲಂತೆ" ಎಂದಳು.

ಸಂಗತಿ ಇಷ್ಟು. ಒಂಬತ್ತು ವರ್ಷಗಳ ಹಿಂದೆ ಅದೇ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಜೊತೆಗಾರನೊಬ್ಬ ತೀರಿಕೊಂಡ. ಅವನ ಹೆಂಡತಿ ಅದಕ್ಕೂ ಮೊದಲೇ ಬಾಣಂತಿತನದಲ್ಲಿ ಹೋಗಿದ್ದಳು. ಉಳಿದದ್ದು ನಾಲ್ಕು ವರ್ಷದ ಹೆಣ್ಣು ಮಗು. ಬಂದ ನೆಂಟರು ತಿಥಿಯ ಊಟ ಮುಗಿಸಿ ಬಸ್ಸು ಹತ್ತಿದರು. ಮಗು ಪಕ್ಕದ ಮನೆಯ ಕಟ್ಟೆಯ ಮೇಲೆ ಉಳಿಯಿತು. ಆ ಪಕ್ಕದ ಮನೆ ಇವರದು. ಅಂದಿನಿಂದ ಇವರ ಗಂಜಿಯಲ್ಲಿ ಅವಳಿಗೂ ಪಾಲು, ಇವರ ಚಾಪೆಯಲ್ಲಿ ಅವಳಿಗೂ ಜಾಗ. ಈಚೆಗೆ ಹುಡುಗಿಯ ಅಜ್ಜನ ಊರಿನಲ್ಲಿ ರಸ್ತೆ ಅಗಲ ಮಾಡಿದರು. ಅಜ್ಜನ ಮನೆ ರಸ್ತೆಗೆ ಹೋಯಿತು. ಪರಿಹಾರದ ಹಣದಲ್ಲಿ ಮೊಮ್ಮಗಳಿಗೂ ಒಂದು ಪಾಲೆಂದಾಯಿತು. ಹಣದ ಸುದ್ದಿಯ ಹಿಂದೆಯೇ ಒಂಬತ್ತು ವರ್ಷ ಮುಖ ತೋರಿಸದಿದ್ದ ಚಿಕ್ಕಪ್ಪ ಬಂದ. ತಮ್ಮ ವಂಶದ ಮಗುವನ್ನು ಪರರು ಬಚ್ಚಿಟ್ಟುಕೊಂಡಿದ್ದಾರೆಂದು ದೂರು ಕೊಟ್ಟ. ಹುಡುಗಿಯನ್ನು ಬಾಲಮಂದಿರಕ್ಕೆ ಸೇರಿಸಿದರು.

ವಿಚಾರಣೆ ನಡೆಸಿದವರು ಶಾಲೆಯ ದಾಖಲಾತಿ ಪುಸ್ತಕ ತರಿಸಿ ನೋಡಿದರು. ತಂದೆಯ ಹೆಸರಿನ ಅಂಕಣದಲ್ಲಿ ಈ ಹಮಾಲಿಯ ಹೆಸರಿತ್ತು. ಸುಳ್ಳು ದಾಖಲೆ ಮಾಡಿಸಿದ್ದಾರೆ, ಕದ್ದುಮುಚ್ಚಿ ದತ್ತು ತೆಗೆದುಕೊಂಡಿದ್ದಾರೆ ಎಂಬ ಅನುಮಾನಕ್ಕೆ ಅಷ್ಟು ಸಾಕಾಯಿತು.

ಬಂಧುಗಳೇ, ಆ ಸಾಲನ್ನು ಬರೆದವನು ನಾನು. ಆಗ ನಾನು ಆ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ತಂದೆಯ ಅಂಕಣದಲ್ಲಿ ಸತ್ತವನ ಹೆಸರನ್ನೂ ಪೋಷಕರ ಅಂಕಣದಲ್ಲಿ ಇವರ ಹೆಸರನ್ನೂ ಬರೆಯಬೇಕಾಗಿತ್ತು. "ಅಪ್ಪ ಇಲ್ಲದೋಳು ಅಂತ ಹುಡುಗ್ರು ಆಡ್ಕೋತಾರ್ರೀ" ಎಂದು ಆಕೆ ಕಣ್ಣೊರೆಸಿಕೊಂಡಾಗ ನಾನು ಒಂದು ಅಂಕಣ ತುಂಬಿ ಇನ್ನೊಂದನ್ನು ಖಾಲಿ ಬಿಟ್ಟೆ. ಪುಣ್ಯದ ಕೆಲಸವೆಂದೇ ತಿಳಿದಿದ್ದೆ. ಆ ಪುಣ್ಯವೇ ಈಗ ಅವರ ಮೇಲೆ ಸಾಕ್ಷಿ ಹೇಳಿತು. ಕಾನೂನು ತಿಳಿಯದ ಕನಿಕರದಿಂದ ಬಡವನಿಗೆ ಎಂತಹ ಕೇಡಾಗುತ್ತದೆಂಬುದನ್ನು ನಾನು ಕಲಿತದ್ದು ಹೀಗೆ. ನನ್ನಂತೆ ಇನ್ನೊಬ್ಬರು ತಪ್ಪಬಾರದೆಂದೂ, ಕಾನೂನಿನಲ್ಲಿಯೇ ಇರುವ ತಪ್ಪನ್ನು ತಿದ್ದಿಸಬೇಕೆಂದೂ ಈ ಲೇಖನ.

ನಮ್ಮ ಗಿರಣಿಯ ಸಾಲುಮನೆಗಳಲ್ಲಿ, ಪೇಟೆಯ ಹಿಂದಿನ ವಠಾರಗಳಲ್ಲಿ, ಪರರ ಮಕ್ಕಳನ್ನು ತಮ್ಮದೆಂದು ಸಾಕಿದವರು ಒಬ್ಬಿಬ್ಬರಲ್ಲ. ಸತ್ತ ಗೆಳೆಯನ ಮಗ, ಗುಳೆ ಹೋದವರು ಬಿಟ್ಟುಹೋದ ಕೂಸು, ಕುಡುಕ ಗಂಡನನ್ನು ಬಿಟ್ಟು ಮರುಮದುವೆಯಾದವಳ ಮಗಳು, ಇಂತಹ ಮಕ್ಕಳನ್ನು ಎತ್ತಿಕೊಂಡವರು ಬಂಗಲೆಯವರಲ್ಲ. ದಿನದ ಕೂಲಿಯವರು, ತಳ್ಳುಗಾಡಿಯವರು, ಬೀಡಿ ಕಟ್ಟುವವರು. ಅವರು ಅರ್ಜಿ ಬರೆದು ಅಪ್ಪಣೆ ಪಡೆದು ಎತ್ತಿಕೊಳ್ಳಲಿಲ್ಲ. ಮಗು ಅಳುತ್ತಿತ್ತು, ಎತ್ತಿಕೊಂಡರು. ಅವರನ್ನು ಸರ್ಕಾರ ಏನೆಂದು ಕರೆಯುತ್ತದೆ, ಅವರಿಗೆ ಏನು ಕೊಡುತ್ತದೆ, ಅವರಿಂದ ಏನು ಕೇಳುತ್ತದೆ ಎಂಬುದನ್ನು ನೋಡೋಣ.

ಮೊದಲು ಒಂದು ಭೇದ ತಿಳಿದಿರಬೇಕು. ದತ್ತು ಬೇರೆ, ಸಾಕುವುದು ಬೇರೆ. ದತ್ತು ಹೋದ ಮಗು ಹೊಸ ಮನೆಯ ಮಗುವೇ ಆಗಿಬಿಡುತ್ತದೆ. ಹೆಸರು, ಆಸ್ತಿ, ಬಾಧ್ಯತೆ ಎಲ್ಲವೂ ಹೊಸ ಮನೆಯದು. ಹಿಂದೂಗಳ ಮಟ್ಟಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಕೊಡುವ ಅಧಿಕಾರ ತಂದೆತಾಯಿಗೆ ಉಂಟು. ಅವರಿಲ್ಲದಿದ್ದರೆ ಪಾಲಕನು ನ್ಯಾಯಾಲಯದ ಅನುಮತಿ ಪಡೆದು ಕೊಡಬೇಕು. ಅನಾಥ, ಪರಿತ್ಯಕ್ತ ಮಕ್ಕಳ ದತ್ತಿಗೆ 2015ರ ಬಾಲನ್ಯಾಯ ಕಾಯ್ದೆಯ ದಾರಿಯಿದೆ. ಯಾವ ಧರ್ಮದವರಾದರೂ ಈ ದಾರಿಯಲ್ಲಿ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟು 2014ರಲ್ಲಿಯೇ, ಹಿಂದಿನ ಬಾಲನ್ಯಾಯ ಕಾಯ್ದೆಯಿದ್ದಾಗಲೇ, ಹೇಳಿದೆ. ಸಾಕುವುದು ಇದಲ್ಲ. ಹೆತ್ತವರ ಹೆಸರು ಅಳಿಯದೆ, ಮಗು ಬೇರೊಂದು ಮನೆಯಲ್ಲಿ ಸ್ವಲ್ಪ ಕಾಲವೋ ಬಹುಕಾಲವೋ ಬೆಳೆಯುವುದಕ್ಕೆ ಕಾನೂನಿನಲ್ಲಿ ಪೋಷಕತ್ವ ಎಂದು ಹೆಸರು.

2016ರ ಜನವರಿ 15ರಂದು ಜಾರಿಗೆ ಬಂದ ಈ ಬಾಲನ್ಯಾಯ ಕಾಯ್ದೆಯ 44ನೆಯ ಕಲಮು ಪೋಷಕತ್ವದ ಕಲಮು. ಮಗುವನ್ನು ಯಾವ ಮನೆಯಲ್ಲಿ ಇಡಬೇಕೆಂದು ಆಜ್ಞೆ ಮಾಡುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಮನೆಯ ಯೋಗ್ಯತೆ ಪರೀಕ್ಷಿಸುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಮಗುವಿನ ಶಿಕ್ಷಣ, ಆರೋಗ್ಯ, ಪೌಷ್ಟಿಕ ಆಹಾರ ಎಲ್ಲದರ ಹೊಣೆ ಸಾಕುವವರದು. ಸಮಿತಿಯವರು ಪ್ರತಿ ತಿಂಗಳೂ ತಪಾಸಣೆ ಮಾಡಬೇಕು. ಕೊರತೆ ಕಂಡರೆ ಮಗುವನ್ನು ತೆಗೆದುಕೊಂಡು ಬೇರೆ ಮನೆಗೆ ಕೊಡಬಹುದು. ಹೆತ್ತವರಿದ್ದರೆ ಅವರು ಬಂದು ಮಗುವನ್ನು ನೋಡಬಹುದು. ಅವರು ಯೋಗ್ಯರೆಂದು ಕಂಡಾಗ ಮಗು ಅವರ ಮನೆಗೆ ಹಿಂತಿರುಗಬಹುದು.

ಇದರಲ್ಲಿ ತಪ್ಪೇನು? ಬಹುಪಾಲು ಸರಿಯೇ. ಮಗುವಿನ ರಕ್ಷಣೆಗೆ ತಪಾಸಣೆ ಬೇಡವೆನ್ನುವವನು ಮೂರ್ಖ. ಆದರೆ ಆ ಕಲಮಿನ ಒಂಬತ್ತು ಉಪಕಲಮುಗಳನ್ನೂ ಓದಿ ನೋಡಿ. ಸಾಕುವವರು ಮಾಡಬೇಕಾದುದು ಇದೆ. ಮಾಡದಿದ್ದರೆ ಆಗುವುದು ಇದೆ. ಸಾಕುವವರಿಗೆ ಇಂಥದೊಂದು ಹಕ್ಕುಂಟು ಎಂಬ ಒಂದು ವಾಕ್ಯವೂ ಇಲ್ಲ. ಮಗುವನ್ನು ತೆಗೆದುಕೊಂಡು ಹೋಗುವ ಮೊದಲು ಅವರಿಗೆ ನೋಟೀಸು ಕೊಡಬೇಕು, ಅವರ ಮಾತು ಕೇಳಬೇಕು ಎಂಬುದು ಅಲ್ಲಿಲ್ಲ. ಅದೇ ಕಾಯ್ದೆಯ 3ನೆಯ ಕಲಮಿನಲ್ಲಿ, ಮಗುವಿನ ಪಾಲನೆಯ ಪ್ರಥಮ ಹೊಣೆ ಹೆತ್ತವರದು, ದತ್ತು ಪಡೆದವರದು ಅಥವಾ ಸಾಕುವವರದು ಎಂದು ಹೇಳಿದೆ. ಹೊಣೆ ಹೊರಿಸುವಾಗ ಸಾಕುತಂದೆಯ ಹೆಸರು ನೆನಪಾಗುತ್ತದೆ, ಹಕ್ಕು ಹಂಚುವಾಗ ಮರೆತುಹೋಗುತ್ತದೆ! ಮೂಟೆ ಹೊರುವವನಿಗೆ ಈ ನ್ಯಾಯ ಹೊಸದಲ್ಲ.

ಇನ್ನು ಮೇಲ್ಮನವಿಯ ಮಾತು. ಸಮಿತಿಯ ಇತರ ಆಜ್ಞೆಗಳ ಮೇಲೆ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು. ಪೋಷಕತ್ವದ ಆಜ್ಞೆಯ ಮೇಲಾದರೆ ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿಯ ಬಳಿ ಹೋಗಬೇಕೆಂದು 101ನೆಯ ಕಲಮು ಹೇಳುತ್ತದೆ. 2021ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಮಕ್ಕಳ ರಕ್ಷಣಾ ಘಟಕದ ಮೇಲ್ವಿಚಾರಣೆಯನ್ನೂ ಜಿಲ್ಲಾಧಿಕಾರಿಗೇ ಒಪ್ಪಿಸಿದರು. ಆ ತಿದ್ದುಪಡಿ 2022ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಿತು. ಅಂದರೆ ಮನೆಯನ್ನು ಪರೀಕ್ಷಿಸಿ ವರದಿ ಬರೆಯುವ ಘಟಕದ ಯಜಮಾನರು ಯಾರೋ, ಆ ವರದಿಯಿಂದ ನೊಂದವರ ಮೇಲ್ಮನವಿ ಕೇಳುವವರೂ ಅವರೇ. ಗಿರಣಿಯಲ್ಲಿ ಮೇಸ್ತ್ರಿ ತಪ್ಪು ಹಾಜರಿ ಹಾಕಿದರೆ ಮಾಲೀಕನ ಬಳಿ ದೂರು ಕೊಡು ಎಂದಂತಾಯಿತು. ಜಿಲ್ಲಾಧಿಕಾರಿಗಳು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬರ, ನೆರೆ, ಚುನಾವಣೆ, ಮಂತ್ರಿಗಳ ಪ್ರವಾಸ ಇವುಗಳ ನಡುವೆ ಒಬ್ಬ ಹಮಾಲಿಯ ಸಾಕುಮಗಳ ಕಡತ ಯಾವ ಮೂಲೆಗೆ ಸೇರುತ್ತದೆಂದು ನೀವೇ ಊಹಿಸಿ.

ಹಣದ ವಿಷಯಕ್ಕೆ ಬರೋಣ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಹೀಗೆ ಸಾಕುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಎಂದು ಗೊತ್ತು ಮಾಡಿದೆ. ದಿನಕ್ಕೆ ಲೆಕ್ಕ ಹಾಕಿದರೆ 133 ರೂಪಾಯಿ. ಅದರಲ್ಲಿ ಅನ್ನ, ಹಾಲು, ಬಟ್ಟೆ, ಪುಸ್ತಕ, ಔಷಧ. ಇದು ಸಾಲದೆಂದು ಯಾವ ಗೃಹಿಣಿಯಾದರೂ ಹೇಳಬಲ್ಲಳು. ಆದರೂ ಇದು ಭಿಕ್ಷೆಯಲ್ಲ, ಕಾಯ್ದೆಯ 44ನೆಯ ಕಲಮೇ ರಾಜ್ಯ ಸರ್ಕಾರ ತಿಂಗಳ ಹಣ ಕೊಡತಕ್ಕದ್ದೆಂದು ಹೇಳುತ್ತದೆ. ಆದರೆ ಸಮಿತಿಯ ಆಜ್ಞೆ ಇದ್ದವರಿಗೆ ಮಾತ್ರ ಈ ಹಣ. ಬಾಯಿಮಾತಿನ ಮೇಲೆ ಸಾಕುತ್ತಿರುವ ನಮ್ಮ ಜನಕ್ಕೆ ಅದರ ಗಾಳಿಯೂ ಸೋಕಿಲ್ಲ.

ಕಾರ್ಮಿಕ ಬಂಧುಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ನಿಮ್ಮ ಸಂಬಳದಿಂದ ಇ.ಎಸ್.ಐ. ವಂತಿಗೆ ಹಿಡಿಯುತ್ತಾರೆ. ನಿಮ್ಮ ಕುಟುಂಬಕ್ಕೆ ಚಿಕಿತ್ಸೆ ಎನ್ನುತ್ತಾರೆ. ಯಾರು ಕುಟುಂಬ? 1948ರ ಕಾಯ್ದೆಯಲ್ಲಿ ನ್ಯಾಯಬದ್ಧವಾಗಿ ಹುಟ್ಟಿದ ಅಥವಾ ದತ್ತು ಪಡೆದ ಮಗು ಎಂದಿತ್ತು. ಅದರ ಜಾಗದಲ್ಲಿ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಮಾತೇ ಉಳಿದಿದೆ. ಸಾಕುಮಗು ಎಂಬ ಪದ ಅಲ್ಲಿಲ್ಲ. ಒಂದು ಕಾಯ್ದೆ ಮಗುವಿನ ಆರೋಗ್ಯದ ಹೊಣೆ ನಿನ್ನದು ಎನ್ನುತ್ತದೆ, ಇನ್ನೊಂದು ಕಾಯ್ದೆ ಆ ಮಗು ನಿನ್ನ ಕುಟುಂಬದ್ದೇ ಅಲ್ಲ ಎನ್ನುತ್ತದೆ.

ಮುಪ್ಪಿನ ಮಾತೂ ಹೀಗೆಯೇ. ಹೆತ್ತವರನ್ನು ಬೀದಿಗೆ ತಳ್ಳುವ ಮಕ್ಕಳಿಂದ ಜೀವನಾಂಶ ಕೊಡಿಸಲು 2007ರಲ್ಲಿ ಒಂದು ಕಾಯ್ದೆ ಬಂದಿದೆ. ಅದರಲ್ಲಿ ಹೆತ್ತ ತಂದೆತಾಯಿ, ದತ್ತು ಪಡೆದ ತಂದೆತಾಯಿ, ಮಲತಂದೆ, ಮಲತಾಯಿ ಎಲ್ಲರೂ ಇದ್ದಾರೆ. ಸಾಕುತಾಯಿ ಇಲ್ಲ. ಇಪ್ಪತ್ತು ವರ್ಷ ಸಾಕಿ ದುಡಿಮೆಗೆ ಹಚ್ಚಿದ ಮಗ ಕೈಬಿಟ್ಟರೆ, ಆಕೆ ತಾಯಿಯೆಂಬ ಹೆಸರಿನಲ್ಲಿ ಆ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವಂತಿಲ್ಲ. ಮಹಾಭಾರತದ ರಾಧೆಯ ಗತಿಯೇ ಇದು. ಹೊಳೆಯಲ್ಲಿ ತೇಲಿಬಂದ ಕರ್ಣನನ್ನು ಎತ್ತಿಕೊಂಡ ಅಧಿರಥ ರಥ ಹೊಡೆಯುವವನು, ನಮ್ಮಂತೆ ದುಡಿದು ತಿನ್ನುವವನು. ಯುದ್ಧದ ಮುಂಚೆ ಕೃಷ್ಣ ಬಂದು ಕರ್ಣನೊಡನೆ ಮಾತಾಡಿದ, ಕುಂತಿ ಬಂದು ಮಾತಾಡಿದಳು. ರಾಧೆಯ ಬಳಿ ಯಾರೂ ಹೋಗಿ ನಿನ್ನ ಮನಸ್ಸಿನಲ್ಲೇನಿದೆ ತಾಯಿ ಎಂದು ಕೇಳಲಿಲ್ಲ. ಕರ್ಣ ಮಾತ್ರ ತಾನು ರಾಧೇಯನೆಂಬುದನ್ನು ಕೊನೆಯವರೆಗೂ ಬಿಡಲಿಲ್ಲ.

ಇಷ್ಟು ಹೇಳಿದಾಗ ಒಂದು ಆಕ್ಷೇಪಣೆ ಬರುವುದು ಸಹಜ. ಹಾಗಾದರೆ ಹೆತ್ತವರ ಗತಿಯೇನು? ಸಾಕಿದವರೇ ಮಗುವಿನ ಒಡೆಯರೇ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಾರದು. ನಮ್ಮ ರಾಜ್ಯದಲ್ಲೇ ನಡೆದ ಒಂದು ಪ್ರಕರಣ ನೆನಪಿಸಿಕೊಳ್ಳಿ. 2020ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಿಂದ ಒಂದು ಕೂಸು ಕಳುವಾಯಿತು. ಕದ್ದವರು ಅದನ್ನು ಉತ್ತರ ಕರ್ನಾಟಕದ ದಂಪತಿಗಳಿಗೆ ಸುಳ್ಳು ಹೇಳಿ ಹಣಕ್ಕೆ ಕೊಟ್ಟರು. ಆ ದಂಪತಿಗಳು ಮಗುವನ್ನು ಅಕ್ಕರೆಯಿಂದಲೇ ಸಾಕಿದರು. ಸತ್ಯ ಹೊರಬಿದ್ದಾಗ ಇಬ್ಬರು ತಾಯಂದಿರೂ ಹೈಕೋರ್ಟಿನ ಮುಂದೆ ನಿಂತರು. ದೇವಕಿ-ಯಶೋದೆಯರ ಕಥೆಯನ್ನು ಸಾಕುತಾಯಿಯ ಪರವಾಗಿ ಎತ್ತಿ ಹೇಳಲಾಯಿತು. 2021ರಲ್ಲಿ ನ್ಯಾಯಾಲಯ ಪುರಾಣದ ಆಧಾರದ ಮೇಲೆ ತೀರ್ಪು ಕೊಡಲಾಗದೆಂದು, ಹೆತ್ತ ತಾಯಿಯ ಹಕ್ಕೇ ಮೊದಲೆಂದು ಹೇಳಿತು. ಸಾಕಿದವಳು ಮಗುವನ್ನು ಒಪ್ಪಿಸಿದಳು. ಹೆತ್ತವಳು, ನೀನು ಬೇಕೆಂದಾಗ ಬಂದು ನೋಡಬಹುದು ಎಂದಳು. ಇಬ್ಬರೂ ಬೇರೆ ಬೇರೆ ಧರ್ಮದವರು. ಆ ತೀರ್ಪು ಸರಿಯಾದದ್ದು. ಕಳವಾದ ಮಗು ಹೆತ್ತವಳ ಮಡಿಲಿಗೆ ಸೇರಬೇಕು.

ಆದರೆ ಎಲ್ಲ ಪ್ರಕರಣವೂ ಕಳವಿನದಲ್ಲ. 2024ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಡಿಶಾದ ಪ್ರಕರಣವೊಂದು ಬಂದಿತು. ಎಳೆತನದಿಂದ ಬಂಧುಗಳ ಮನೆಯಲ್ಲಿ ಬೆಳೆದ ಬಾಲಕಿಯನ್ನು ತಂದೆಗೆ ಹಿಂತಿರುಗಿಸಬೇಕೆಂದು ಅಲ್ಲಿನ ಹೈಕೋರ್ಟು ಹೇಳಿತ್ತು. ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ತಳ್ಳಿಹಾಕಿತು. ಬೆಳೆದ ಮನೆಯಿಂದ ಕಿತ್ತು ಬೇರೆಡೆ ನೆಡುವುದು ಆ ಹುಡುಗಿಗೆ ಹಿತವಲ್ಲವೆಂದು, ಅವಳ ಇಚ್ಛೆಯನ್ನೂ ಗಮನಿಸಿ, ಸಾಕಿದವರ ಬಳಿಯೇ ಬಿಟ್ಟಿತು. ಈ ಎರಡು ತೀರ್ಪುಗಳಲ್ಲಿ ವಿರೋಧವಿಲ್ಲ. ಎರಡರಲ್ಲೂ ಸಾಕಿದವರು ನ್ಯಾಯಾಧೀಶರ ಮುಂದೆ ನಿಂತು ತಮ್ಮ ಮಾತು ಹೇಳಿದರು. ಒಂದರಲ್ಲಿ ಸೋತರು, ಒಂದರಲ್ಲಿ ಗೆದ್ದರು. ವಕೀಲರನ್ನಿಟ್ಟು ದೆಹಲಿಯವರೆಗೆ ಹೋಗಬಲ್ಲವರಿಗೆ ಸಿಕ್ಕ ಆ ಅವಕಾಶ, ಜಿಲ್ಲೆಯ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತ ಹಮಾಲಿಗೂ ಸಿಗಬೇಕು. ನಾವು ಕೇಳುವುದು ಇಷ್ಟೇ.

ಇದನ್ನು ನಮ್ಮ ಚಳವಳಿಯ ಹಳೆಯ ಪಾಠದಿಂದ ಅರ್ಥ ಮಾಡಿಕೊಳ್ಳಬಹುದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಅವರ ಕೈಯಲ್ಲಿ ಏನು ಕಾಗದವಿತ್ತು? ತಲೆತಲಾಂತರದಿಂದ ಉಳುತ್ತ ಬಂದಿದ್ದರು. ಉತ್ತದ್ದಕ್ಕೆ ಗುರುತಿರಲಿಲ್ಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ 7ನೆಯ ನಮೂನೆಯ ಅರ್ಜಿ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತಾಗ, ನಾನೇ ಉಳುವವನು ಎಂದು ಹೇಳುವ ಅವಕಾಶ ಮೊದಲ ಬಾರಿಗೆ ಬಡವನಿಗೆ ದೊರೆಯಿತು. ಆದರೆ ಒಂದು ಎಚ್ಚರ. ಮಗು ಹೊಲವಲ್ಲ. ಉಳುವವನೇ ಹೊಲದೊಡೆಯ ಎಂದ ಹಾಗೆ ಸಾಕಿದವನೇ ಮಗುವಿನ ಒಡೆಯ ಎನ್ನಲಾಗದು. ಮಗುವಿಗೆ ಒಡೆಯನೇ ಇಲ್ಲ. ಹೆತ್ತವರೂ ಅಲ್ಲ, ಸಾಕಿದವರೂ ಅಲ್ಲ, ಸರ್ಕಾರವಂತೂ ಅಲ್ಲವೇ ಅಲ್ಲ. ಮಗುವಿನ ಹಿತವೇ ದೊಡ್ಡದು. ಆದರೆ ಮಗು ರಾತ್ರಿ ಯಾವುದಕ್ಕೆ ಬೆಚ್ಚುತ್ತದೆ, ಯಾವ ಔಷಧಕ್ಕೆ ಮೈ ಕೆರೆಯುತ್ತದೆ, ಯಾವ ಪಾಠದಲ್ಲಿ ಹಿಂದೆ ಬಿದ್ದಿದೆ ಎಂಬುದು ಸಾಕಿದವರಿಗೆ ತಿಳಿದಷ್ಟು ಕಡತಕ್ಕೆ ತಿಳಿಯದು. ಅವರ ಮಾತು ಕೇಳದೆ ಮಗುವಿನ ಹಿತ ನಿರ್ಣಯಿಸುವುದೆಂತು?

ಬೇರೆ ದೇಶಗಳವರು ಇದನ್ನು ಮಾಡಿದ್ದಾರೆ. ಬಂಡವಾಳಗಾರರ ನಾಡಾದ ಅಮೆರಿಕದಲ್ಲಿ 1997ರ ಕಾಯ್ದೆಯೊಂದು, ಮಗುವಿನ ವಿಷಯದಲ್ಲಿ ವಿಚಾರಣೆ ನಡೆಯುವಾಗ ಸಾಕುವವರಿಗೆ ನೋಟೀಸು ಕೊಡಬೇಕು, ಅವರಿಗೆ ಮಾತನಾಡಲು ಅವಕಾಶವಿರಬೇಕು ಎಂದು ವಿಧಿಸಿದೆ. ಇಂಗ್ಲೆಂಡಿನಲ್ಲಿ 1989ರ ಮಕ್ಕಳ ಕಾಯ್ದೆಗೆ ಆನಂತರ ಆದ ತಿದ್ದುಪಡಿಗಳಂತೆ, ಮಗು ಒಂದು ವರ್ಷ ತಮ್ಮ ಬಳಿ ಇದ್ದರೆ, ಅದು ತಮ್ಮಲ್ಲೇ ಇರಲೆಂದು ಸಾಕುವವರು ನೇರವಾಗಿ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಲಂಡನ್ನಿನ ಸಾಕುತಾಯಿಗೆ ಇರುವ ಬಾಯಿ ನಮ್ಮ ಸೊಪ್ಪು ಮಾರುವಾಕೆಗೆ ಏಕಿರಬಾರದು?

ಈಗ ನಮ್ಮವರಿಗೂ ಎರಡು ಕಠಿಣ ಮಾತು ಹೇಳಬೇಕಾಗಿದೆ. ಹೊರಗಿನವರನ್ನು ಮಾತ್ರ ಬಯ್ದು ಸುಮ್ಮನಾಗುವುದು ನಮ್ಮ ಪತ್ರಿಕೆಯ ರೀತಿಯಲ್ಲ.

ಮೊದಲನೆಯದು ಅಂಗಡಿಕಾರ ಮಿತ್ರರಿಗೆ. "ನಮ್ಮ ಹುಡುಗಾನೇ, ಮನೇಲೇ ಸಾಕ್ಕೊಂಡಿದೀವಿ" ಎಂದು ಹೇಳಿ ಹತ್ತು ವರ್ಷದ ಹುಡುಗನ ಕೈಯಲ್ಲಿ ಲೋಟ ತೊಳೆಸುವವರೂ, "ಸಾಕುಮಗಳು" ಎಂದು ಹೇಳಿ ಹಳ್ಳಿಯ ಹುಡುಗಿಯನ್ನು ಮನೆಗೆಲಸಕ್ಕೆ ಇಟ್ಟುಕೊಂಡವರೂ ನಮ್ಮ ಪೇಟೆಯಲ್ಲಿದ್ದಾರೆ. ಇದು ಸಾಕುವುದಲ್ಲ, ಸಂಬಳವಿಲ್ಲದ ಜೀತ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯಂತೆ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗಬಹುದು ಎಂಬ ವಿನಾಯಿತಿ ಇದೆ. ಆದರೆ ಆ ಮನೆಯವರೆಂದರೆ ತಂದೆ, ತಾಯಿ, ಒಡಹುಟ್ಟಿದವರು, ತಂದೆತಾಯಿಗಳ ಒಡಹುಟ್ಟಿದವರು ಮಾತ್ರ. ಸಾಕಿದೆನೆಂಬ ಹೆಸರಿನ ಮರೆಯಲ್ಲಿ ಅಡಗಲು ಅಲ್ಲಿ ಜಾಗವಿಲ್ಲ. ಇಂಥವರಿಂದಾಗಿಯೇ ನಿಜವಾಗಿ ಸಾಕಿದವರ ಮೇಲೂ ಅನುಮಾನ ಬೀಳುತ್ತದೆ.

ಎರಡನೆಯದು ಎಲ್ಲರಿಗೂ. ಕಾಗದವೆಂದರೆ ಭಯಪಟ್ಟು ದೂರ ಇರುವುದನ್ನು ಬಿಡಿ. ಅನಾಥವಾಗಿ ಅಥವಾ ಬಿಟ್ಟುಹೋದದ್ದಾಗಿ ಕಂಡ ಮಗುವಿನ ವಿಷಯವನ್ನು 24 ಗಂಟೆಗಳೊಳಗೆ ಪೊಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ, 1098 ಸಹಾಯವಾಣಿಗೋ ತಿಳಿಸಬೇಕೆಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ. ತಿಳಿಸದಿದ್ದರೆ 6 ತಿಂಗಳ ಸಜೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಅನಾಥ ಮಗುವನ್ನು ಕ್ರಮ ತಪ್ಪಿ ದತ್ತು ಕೊಟ್ಟರೂ ಪಡೆದರೂ 3 ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ದಂಡ, ಇಲ್ಲವೇ ಎರಡೂ. ಆಸ್ಪತ್ರೆಯ ನೌಕರನಿಗೆ ಹಣ ಕೊಟ್ಟು ಜನನ ಪತ್ರದಲ್ಲಿ ಹೆಸರು ಸೇರಿಸುವುದು, 20 ರೂಪಾಯಿಯ ಸ್ಟಾಂಪು ಕಾಗದದ ಮೇಲೆ ಮಗುವನ್ನು ಬರೆಸಿಕೊಳ್ಳುವುದು, ಇವು ರಕ್ಷಣೆಯಲ್ಲ, ಕೊರಳಿಗೆ ಹಗ್ಗ. ಶಾಲೆಯಲ್ಲಿ ಹೆತ್ತವರ ಹೆಸರು ಹೆತ್ತವರ ಅಂಕಣದಲ್ಲಿರಲಿ. ನಿಮ್ಮ ಹೆಸರು ಪೋಷಕರ ಅಂಕಣದಲ್ಲಿರಲಿ. ಮಗುವಿನ ಕಣ್ಣಿನಲ್ಲಿ ನೀವು ಅದರಿಂದ ಸಣ್ಣವರಾಗುವುದಿಲ್ಲ.

ಈಗಾಗಲೇ ಪರರ ಮಗುವನ್ನು ಸಾಕುತ್ತಿರುವವರು ಏನು ಮಾಡಬೇಕು? ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಇದ್ದದ್ದನ್ನು ಇದ್ದಂತೆ ಬರೆಯಿರಿ. 2024ರ ಹೊಸ ಮಾರ್ಗಸೂಚಿಯಲ್ಲಿ ವಿಧವೆಯರಿಗೂ ಅವಿವಾಹಿತರಿಗೂ ಪೋಷಕರಾಗುವ ಅವಕಾಶ ಕೊಟ್ಟಿದ್ದಾರೆ. ಒಂಟಿ ಗಂಡಸಿಗೆ ಮಾತ್ರ ಹೆಣ್ಣು ಮಗುವನ್ನು ಕೊಡುವುದಿಲ್ಲ. ಮೊದಲು 5 ವರ್ಷ ಸಾಕಿದ ಮೇಲೆ ದತ್ತು ಕೇಳಬಹುದಿತ್ತು. ಈಗ ಅದನ್ನು 2 ವರ್ಷಕ್ಕೆ ಇಳಿಸಿದ್ದಾರೆ. ಆದರೆ ಮಗು ದತ್ತಿಗೆ ಮುಕ್ತವೆಂದು ಸಮಿತಿ ಘೋಷಿಸಿರಬೇಕು. ಬೇರೆ ದಾರಿಯೂ ಇದೆ. 1890ರ ಪಾಲಕ ಮತ್ತು ಪಾಲ್ಯರ ಕಾಯ್ದೆಯಂತೆ ಜಿಲ್ಲಾ ನ್ಯಾಯಾಲಯದಲ್ಲಿ ಪಾಲಕರಾಗಿ ನೇಮಕವಾಗಲು ಅರ್ಜಿ ಹಾಕಬಹುದು. ಅಲ್ಲಿಯೂ ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನೇ. ಇನ್ನು ಆಸ್ತಿಯ ಮಾತು. ಸಾಕುಮಗುವಿಗೆ ನಿಮ್ಮ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ತಾನಾಗಿ ಪಾಲು ಬರುವುದಿಲ್ಲ. ಕೊಡುವ ಮನಸ್ಸಿದ್ದರೆ ವಿಲ್ ಬರೆಯಿರಿ. ಬಿಳಿಯ ಹಾಳೆ ಸಾಕು, ಸ್ಟಾಂಪು ಬೇಡ. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಲಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಸರ್ಕಾರವನ್ನು ನಾವು ಕೇಳುವುದು ಐದು ಸಂಗತಿ. ಒಂದು, ಮಗುವಿನ ಜೀವಕ್ಕೋ ಮಾನಕ್ಕೋ ಅಪಾಯವಿದ್ದ ಹೊರತು, ಲಿಖಿತ ನೋಟೀಸು ಕೊಟ್ಟು ಸಾಕುವವರ ಮಾತು ಕೇಳದೆ ಮಗುವನ್ನು ಆ ಮನೆಯಿಂದ ತೆಗೆಯಕೂಡದು. ಎರಡು, ಪೋಷಕತ್ವದ ಆಜ್ಞೆಗಳ ಮೇಲಿನ ಮೇಲ್ಮನವಿ ಜಿಲ್ಲಾಧಿಕಾರಿಯಿಂದ ಮಕ್ಕಳ ನ್ಯಾಯಾಲಯಕ್ಕೆ ಹೋಗಬೇಕು, ಉಚಿತ ವಕೀಲರ ನೆರವಿರಬೇಕು. ಮೂರು, ತಿಂಗಳ ಹಣ ಗೊತ್ತಾದ ದಿನ ಕೈ ಸೇರಬೇಕು, ಬೆಲೆ ಏರಿದಂತೆ ಅದೂ ಏರಬೇಕು. ನಾಲ್ಕು, ಸಮಿತಿಯ ಆಜ್ಞೆಯಿರುವ ಸಾಕುಮಗುವನ್ನು ಇ.ಎಸ್.ಐ. ಕುಟುಂಬದಲ್ಲಿ ಸೇರಿಸಬೇಕು, 2007ರ ಕಾಯ್ದೆಯ ತಂದೆತಾಯಿಗಳ ಪಟ್ಟಿಯಲ್ಲಿ ಸಾಕಿದವರನ್ನು ಸೇರಿಸಬೇಕು. ಐದು, ಹಿಂದೆ ಗೇಣಿದಾರರಿಗೆ ಅರ್ಜಿಯ ಅವಧಿ ಕೊಟ್ಟಂತೆ, ಬಾಯಿಮಾತಿನ ಮೇಲೆ ಮಕ್ಕಳನ್ನು ಸಾಕುತ್ತಿರುವವರು ಸಜೆಯ ಭಯವಿಲ್ಲದೆ ಮುಂದೆ ಬಂದು ಬರೆಸಿಕೊಳ್ಳಲು ಒಂದು ಅವಧಿ ಕೊಡಬೇಕು. ಮಗುವನ್ನು ಕದ್ದವರಿಗೂ ಕೊಂಡವರಿಗೂ ದುಡಿಸಿದವರಿಗೂ ಇದರಲ್ಲಿ ಕ್ಷಮೆ ಬೇಡ.

ಆ ಹುಡುಗಿಯ ಸಂಗತಿ ಏನಾಯಿತೆಂದು ನೀವು ಕೇಳುತ್ತೀರಿ. ನಾಲ್ಕು ತಿಂಗಳು ಬಾಲಮಂದಿರದಲ್ಲಿ ಕಳೆದಳು. ನಾವು ಸಮಿತಿಗೆ ಮನವಿ ಬರೆದೆವು. ಕಾಯ್ದೆಯ 3ನೆಯ ಕಲಮಿನಲ್ಲಿ ಸ್ವಾಭಾವಿಕ ನ್ಯಾಯದ ತತ್ವವೆಂಬ ಒಂದು ಮಾತಿದೆ. ತೀರ್ಮಾನಕ್ಕೆ ಮೊದಲು ನ್ಯಾಯವಾಗಿ ಮಾತು ಕೇಳಬೇಕೆಂಬುದು ಅದರ ಅರ್ಥ. ಪರಿಚಯದ ವಕೀಲರೊಬ್ಬರು ಅದನ್ನೇ ಹಿಡಿದರು. ದಾಖಲಾತಿ ಪುಸ್ತಕದ ಸಾಲು ಬರೆದವನು ನಾನು, ತಪ್ಪು ನನ್ನದು ಎಂದು ನಾನು ಬರೆದುಕೊಟ್ಟೆ. ಬೀದಿಯ ಹದಿನೇಳು ಮನೆಯವರು ಹೇಳಿಕೆ ಕೊಟ್ಟರು. ಸಮಿತಿಯವರು ಚಿಕ್ಕಪ್ಪನ ಮನೆಯನ್ನೂ ನೋಡಿದರು, ಇವರ ಮನೆಯನ್ನೂ ನೋಡಿದರು. ಕೊನೆಗೆ ಹುಡುಗಿಯನ್ನು ಕರೆದು ಕೇಳಿದರು. ಈಗ ಅವಳು ಸಮಿತಿಯ ಆಜ್ಞೆಯ ಮೇಲೆ ಇವರ ಮನೆಯಲ್ಲಿದ್ದಾಳೆ. ಪರಿಹಾರದ ಹಣ ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿದೆ. ಚಿಕ್ಕಪ್ಪ ಬಂದು ನೋಡಬಹುದೆಂದಿದೆ, ಆತ ಇದುವರೆಗೆ ಬಂದಿಲ್ಲ.

ಕಾನೂನು ಗಟ್ಟಿಯಾಗಿದ್ದುದರಿಂದ ಇದು ಆಗಲಿಲ್ಲ. ಬೀದಿ ಒಟ್ಟಾಗಿ ನಿಂತದ್ದರಿಂದ, ಸಮಿತಿಯವರು ಕಿವಿಗೊಡುವ ಮನಸ್ಸಿನವರಾಗಿದ್ದುದರಿಂದ ಆಯಿತು. ಒಳ್ಳೆಯ ಅಧಿಕಾರಿ ಸಿಕ್ಕರೆ ನ್ಯಾಯ, ಸಿಗದಿದ್ದರೆ ಇಲ್ಲ ಎಂಬುದಾದರೆ ಅದನ್ನು ಹಕ್ಕೆಂದು ಕರೆಯಲಾಗದು. ಪ್ರತಿ ವಾರ್ಡಿನ ಪಕ್ಷದ ಶಾಖೆಯವರು ತಮ್ಮ ಬೀದಿಯಲ್ಲಿ ಹೀಗೆ ಮಕ್ಕಳನ್ನು ಸಾಕುತ್ತಿರುವವರನ್ನು ಕಂಡು, ಅರ್ಜಿ ಬರೆಯಲು ಕೈಜೋಡಿಸಲಿ. ಪ್ರತಿ ಭಾನುವಾರ ಬೆಳಗ್ಗೆ ನಾನು ಕಚೇರಿಯಲ್ಲಿ ಇರುತ್ತೇನೆ. ಬರುವವರು ಇರುವ ಕಾಗದವನ್ನೆಲ್ಲ ತನ್ನಿ, ಇಲ್ಲದಿದ್ದರೆ ಬರಿಗೈಯಲ್ಲೇ ಬನ್ನಿ. ಈ ಬಾರಿ ಯಾವ ಅಂಕಣದಲ್ಲಿ ಏನು ಬರೆಯಬೇಕೆಂಬುದನ್ನು ನಾನು ಕಲಿತಿದ್ದೇನೆ.